ಆಬರ್ನ್ ಸಣ್ಣ ಊರು ಅಂತ ಹೆದರಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ಯೂನಿವರ್ಸಿಟಿಯಲ್ಲಿ ಎಂಎಸ್ ಸೀಟು ಸಿಕ್ಕಿದೆ. ಅವಳು ಬೆಂಗಳೂರು ಬಿಟ್ಟು ಎಲ್ಲೂ ಇದ್ದವಳಲ್ಲ. ನೆಂಟರೆಲ್ಲ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ‘ಅದು ಹಳ್ಳಿ, ದಕ್ಷಿಣದ ಕಡೆ ಜನ ಬೇರೆ ಥರ, ಅಲ್ಲಿಗೆ ಯಾಕೆ ಕಳಿಸ್ತೀರಿ’ ಅಂತಾರೆ. ನಾವು ಸಸ್ಯಾಹಾರಿಗಳು ಬೇರೆ. ನೀವು ಅಲ್ಲಿ ಓದಿ ಬಂದವರು, ಇದ್ದದ್ದು ಇದ್ದ ಹಾಗೆ ಹೇಳಿ.
— ಒಬ್ಬ ತಾಯಿ, ಗಿರಿನಗರ

ಉತ್ತರ: ಕಳಿಸಿ ಅಮ್ಮಾ. ಊರು ಸಣ್ಣದು ಅನ್ನೋ ಕಾರಣಕ್ಕೆ ಮಾತ್ರ ಬೇಡ ಅನ್ನಬೇಡಿ.

ಆಬರ್ನ್ ಹಳ್ಳಿ ಅಲ್ಲ. 2020ರ ಜನಗಣತಿಯಲ್ಲಿ ಅಲ್ಲಿ ಸುಮಾರು 76 ಸಾವಿರ ಜನ. ಯೂನಿವರ್ಸಿಟಿಯಲ್ಲಿ 30 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು. ಅಂದರೆ ಊರು ನಡೆಯೋದೇ ಕಾಲೇಜಿನಿಂದ. ಬೇಸಿಗೆ ರಜೆಯಲ್ಲಿ, ಆಮೇಲೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ ರಸ್ತೆ ಖಾಲಿ ಖಾಲಿ. ಒಂಟಿತನ ಕಾಡೋದು ಆಗಲೇ. ಮೊದಲ ವರ್ಷ ಆ ವಾರ ಮಗಳು ಯಾರ ಜೊತೆ ಇರ್ತಾಳೆ ಅಂತ ಅಕ್ಟೋಬರಿನಲ್ಲೇ ಕೇಳಿಟ್ಟುಕೊಳ್ಳಿ.

ಕಾಲೇಜು ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ. ಯೂನಿವರ್ಸಿಟಿಯ ಜೋರ್ಡನ್-ಹೇರ್ ಸ್ಟೇಡಿಯಂನಲ್ಲಿ 88 ಸಾವಿರ ಸೀಟುಗಳಿವೆ, ಊರಿನ ಜನಸಂಖ್ಯೆಗಿಂತಲೂ ಹೆಚ್ಚು! ನಮ್ಮ ಚಿನ್ನಸ್ವಾಮಿ ಎರಡು ಸೇರಿಸಿದರೂ ಸಾಲದು. ಹೊರಗಿನಿಂದ ಬಂದವರು ಬೆಳಗ್ಗೆಯಿಂದಲೇ ಟೆಂಟ್ ಹಾಕಿ ಅಡುಗೆ ಮಾಡ್ತಾರೆ. ಗೆದ್ದರೆ ಎಲ್ಲರೂ ಟೂಮರ್ಸ್ ಕಾರ್ನರ್ ಅನ್ನೋ ವೃತ್ತಕ್ಕೆ ಹೋಗಿ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಸುರುಳಿ ಎಸೆಯುತ್ತಾರೆ, ಅದು ಅಲ್ಲಿನ ಪದ್ಧತಿ. 2010ರಲ್ಲಿ ಎದುರಾಳಿ ತಂಡದ ಅಭಿಮಾನಿಯೊಬ್ಬ ಆ ಹಳೇ ಮರಗಳಿಗೆ ವಿಷ ಹಾಕಿದ. 2013ರಲ್ಲಿ ಅವನ್ನು ಕಡಿಯಬೇಕಾಯಿತು, 2015ರಲ್ಲಿ ಹೊಸ ಮರ ನೆಟ್ಟರು. ಎರಡು ಮರಗಳಿಗಾಗಿ ಇಡೀ ಊರು ಸಂಕಟಪಟ್ಟಿತು ಅಂದರೆ ಅದು ಎಂಥ ಊರು ಅಂತ ನಿಮಗೇ ಗೊತ್ತಾಗುತ್ತೆ. ಆಟ ಅರ್ಥವಾಗದಿದ್ದರೂ ಪರವಾಗಿಲ್ಲ, ಮಗಳು ಒಂದು ಸಲವಾದರೂ ಹೋಗಲಿ. ಕ್ಲಾಸಿನವರ ಜೊತೆ ಗೆಳೆತನ ಬೆಳೆಯೋದು ಅಲ್ಲೇ.

ಜನರ ವಿಷಯ. ದಾರಿಯಲ್ಲಿ ಎದುರಾದವರು ಪರಿಚಯ ಇಲ್ಲದಿದ್ದರೂ ನಕ್ಕು ಮಾತಾಡಿಸುತ್ತಾರೆ, ದೊಡ್ಡವರನ್ನು ‘ಮ್ಯಾಮ್’, ‘ಸರ್’ ಅನ್ನದೆ ಕರೆಯೋದಿಲ್ಲ. ಚರ್ಚಿನವರು ವಿದೇಶಿ ವಿದ್ಯಾರ್ಥಿಗಳನ್ನು ಊಟಕ್ಕೆ ಕರೀತಾರೆ, ಮಂಚ, ಮೇಜು ಹೊಂದಿಸಿಕೊಡೋದೂ ಉಂಟು. ಧರ್ಮದ ಮಾತು ಬರಬಹುದು. ಇಷ್ಟವಿಲ್ಲದಿದ್ದರೆ ನಯವಾಗಿ ಬೇಡ ಅಂದರೆ ಆಯಿತು, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಆದರೆ ಆ ನೆಲದ ಕಥೆ ಬರೀ ಸಿಹಿಯಲ್ಲ. ಈ ಯೂನಿವರ್ಸಿಟಿಗೆ ಮೊದಲ ಕಪ್ಪು ವಿದ್ಯಾರ್ಥಿ ಸೇರಿದ್ದೇ 1964ರಲ್ಲಿ. 1955ರಲ್ಲಿ ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡೋದಿಲ್ಲ ಅಂದ ಮಾಂಟ್ಗೊಮರಿ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಕಪ್ಪು ಜನರಿಗಾಗಿ ಕಟ್ಟಿ ಬೆಳೆಸಿದ ಟಸ್ಕೀಗಿ ಕಾಲೇಜು ಇನ್ನೂ ಹತ್ತಿರ. ಇವೆರಡನ್ನೂ ಮಗಳು ಖಂಡಿತ ನೋಡಲಿ, ಸುತ್ತಲಿನ ಜನರನ್ನು ಅರ್ಥ ಮಾಡಿಕೊಳ್ಳೋಕೆ ಅದು ಬೇಕು.

ಇನ್ನು ಊಟ. ನಮ್ಮ ಬೆಂಡೆಕಾಯಿ, ಅಲಸಂದೆ ಕಾಳು ಅಲ್ಲಿಯೂ ಮನೆಮನೆಯ ಅಡುಗೆ. ರಸ್ತೆ ಬದಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ, ಬಸವನಗುಡಿ ಪರಿಷೆ ನೋಡಿ ಬೆಳೆದವಳಿಗೆ ಖುಷಿಯಾಗುತ್ತೆ. ಎಚ್ಚರ ಬೇಕಿರೋದು ಒಂದು ಕಡೆ. ಸೊಪ್ಪು, ಕಾಳಿನ ಪಲ್ಯಕ್ಕೂ ರುಚಿಗೆ ಅಂತ ಹಂದಿ ಮಾಂಸ ಹಾಕಿ ಬೇಯಿಸೋದು ಅಲ್ಲಿ ಮಾಮೂಲು. ಹೋಟೆಲಿನಲ್ಲಿ ಪ್ರತಿ ಸಲ ಕೇಳಲೇಬೇಕು. ಕುಕ್ಕರ್ ಕಳಿಸಿ, ಸಾರಿನ ಪುಡಿ ಕಳಿಸಿ. ಬಾಕಿಯೆಲ್ಲ ಸಿಗುತ್ತೆ.

ನಿಮ್ಮ ಮನಸ್ಸಿನಲ್ಲಿರುವ ಭಯವನ್ನೂ ಹೇಳಿಬಿಡ್ತೀನಿ. ಅಲಬಾಮಾದಲ್ಲಿ ಬಂದೂಕು ಇಟ್ಟುಕೊಂಡವರು ಬಹಳ. 2023ರಿಂದ ಅದನ್ನು ಮರೆಮಾಡಿ ಒಯ್ಯೋಕೂ ಪರ್ಮಿಟ್ ಕಡ್ಡಾಯವಲ್ಲ. ರಸ್ತೆಯಲ್ಲಿ ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ ಅಂತ ಮಗಳಿಗೆ ಹೇಳಿ. ಇನ್ನೊಂದು ಸುಂಟರಗಾಳಿ. 2019ರ ಮಾರ್ಚ್ 3ರಂದು ಆಬರ್ನ್ ಇರುವ ಲೀ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 23 ಜನ ಸತ್ತರು. ಸೈರನ್ ಕೂಗಿದರೆ ಕಿಟಕಿಯಿಂದ ದೂರ, ಕೆಳಗಿನ ಮಹಡಿಯ ಒಳಕೋಣೆಗೆ ಹೋಗಬೇಕು. ಸುಮ್ನೆ ಕೂಗುತ್ತೆ ಅಂತ ಮಲಗಿರಬಾರದು. ಮನೆ ಹಿಡಿಯುವಾಗ ಗ್ರೌಂಡ್ ಫ್ಲೋರ್ ಸಿಕ್ಕರೆ ಒಳ್ಳೇದು.

ಪ್ರಶ್ನೆ: ನಾನೂ ಅಂಥದ್ದೇ ಊರಿಗೆ ಹೋಗ್ತಿದ್ದೀನಿ. ಕಾರಿಲ್ಲದೆ ಇರಬಹುದಾ?
— ವಿದ್ಯಾರ್ಥಿ, ಯಲಹಂಕ

ಉತ್ತರ: ಮೊದಲ ಸೆಮಿಸ್ಟರ್ ಇರಬಹುದು, ಆಮೇಲೆ ಕಷ್ಟ. ನನ್ನ ಪ್ರಕಾರ ಇಂಥ ಊರುಗಳ ನಿಜವಾದ ತೊಂದರೆ ಇದೇ, ಊರು ಸಣ್ಣದು ಅನ್ನೋದಲ್ಲ. ಇಲ್ಲಿ ಮನೆಯಿಂದ ಕಾಲಿಟ್ಟರೆ ಅಂಗಡಿ, ಆಟೋ, ಮೆಟ್ರೋ. ಅಲ್ಲಿ ಹಾಲು ತರೋಕೂ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯಬೇಕಾಗಬಹುದು. ಆಬರ್ನ್‌ನಲ್ಲಿ ಟೈಗರ್ ಟ್ರಾನ್ಸಿಟ್ ಅಂತ ವಿದ್ಯಾರ್ಥಿಗಳ ಬಸ್ಸಿದೆ, ಅದು ಓಡೋದು ಕ್ಲಾಸಿಗಾಗಿ. ರಜೆಯಲ್ಲಿ ಅದನ್ನು ನಂಬಿ ಕೂರಬೇಡಿ. ಬಸ್ ಬರುವ ಅಪಾರ್ಟ್‌ಮೆಂಟನ್ನೇ ಹುಡುಕಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ. ಕರಾರು ಒಂದು ವರ್ಷದ್ದೇ ಇರುತ್ತೆ ಅಂತ ನೆನಪಿರಲಿ. ಡ್ರೈವಿಂಗ್ ಇಲ್ಲೇ ಕಲಿತು ಹೋಗಿ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗಾಡಿ ಬಲಕ್ಕೆ, ಆದರೂ ಕೈ ಪಳಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನೊಂದು ಮಾತು. ಆಬರ್ನ್ ಕಡೆಯವರಿಗೆ ದೊಡ್ಡ ವಿಮಾನ ನಿಲ್ದಾಣ ಅಟ್ಲಾಂಟಾ, ಸುಮಾರು 165 ಕಿಲೋಮೀಟರ್. ಜಾರ್ಜಿಯಾ ರಾಜ್ಯ ಬಂದ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ. ಮಧ್ಯಾಹ್ನ 12ಕ್ಕೆ ಹೊರಟು ಎರಡು ಗಂಟೆ ಪ್ರಯಾಣ ಮಾಡಿದರೆ ಅಲ್ಲಿ 3 ಆಗಿರುತ್ತೆ. ಟಿಕೆಟ್ ಬುಕ್ ಮಾಡುವಾಗ ಆ ಒಂದು ಗಂಟೆ ಲೆಕ್ಕಕ್ಕೆ ಹಿಡಿಯಿರಿ.