ಪದಕ, ಪದವಿ, ರಣರಂಗ: ಸೇನಾನಾಯಕರ ಬಗ್ಗೆ ಓದುಗರ ಪ್ರಶ್ನೆಗಳು

ಯುದ್ಧಕಾಲದಲ್ಲಿ ಪಡೆಗಳನ್ನು ಮುನ್ನಡೆಸಿ ಗೌರವ ಪಡೆದ ಭಾರತೀಯ ಸೇನಾನಾಯಕರ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಜನರಲ್ ತಿಮ್ಮಯ್ಯನವರ ಕುರಿತವು. ಅವರಿಂದಲೇ ಶುರು ಮಾಡೋಣ.

ಪ್ರಶ್ನೆ: 1948ರಲ್ಲಿ ತಿಮ್ಮಯ್ಯನವರು ಜೊಜಿಲಾ ಪಾಸ್‌ಗೆ ಟ್ಯಾಂಕ್ ಹತ್ತಿಸಿದರು ಎನ್ನುತ್ತಾರೆ. ಅಷ್ಟು ಎತ್ತರಕ್ಕೆ ಟ್ಯಾಂಕ್ ಹೋದದ್ದು ಹೇಗೆ? ಅವಿಲ್ಲದೆ ಆ ಪಾಸ್ ಗೆಲ್ಲಲು ಆಗುತ್ತಿರಲಿಲ್ಲವೇ?

ಉತ್ತರ: ಟ್ಯಾಂಕ್ ಇಲ್ಲದೆ ಪ್ರಯತ್ನ ನಡೆದಿತ್ತು, ಸೋತಿತ್ತು. ಕಾಶ್ಮೀರ ಕಣಿವೆಯಿಂದ ಲಡಾಖ್‌ಗೆ ಹೋಗುವ ದಾರಿಯಲ್ಲಿರುವ ಜೊಜಿಲಾ 11,500 ಅಡಿಗೂ ಮೇಲಿದೆ. ಎರಡೂ ಕಡೆ ಕಡಿದಾದ ಗೋಡೆಗಳು, ನಡುವೆ ಇಕ್ಕಟ್ಟಾದ ದಾರಿ. ಪಾಕಿಸ್ತಾನದ ಕಡೆಯ ಎದುರಾಳಿಗಳು ಬಂಡೆಗಳ ಸಂದಿಯಲ್ಲಿ, ಗವಿಗಳಲ್ಲಿ ಮಷಿನ್‌ಗನ್ ಹೂಡಿ ಮೇಲಿನಿಂದ ಗುಂಡು ಸುರಿಸುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಏರಿಹೋದ ಕಾಲಾಳು ಪಡೆ ಈ ಗುಂಡಿನ ಮಳೆಗೆ ಸಿಕ್ಕಿ ಹಿಂದೆ ಸರಿಯಬೇಕಾಯಿತು. ಅತ್ತ ಲೇಹ್‌ನ ಸಣ್ಣ ಪಡೆಗೆ ನೆಲದ ದಾರಿ ಕಡಿದುಹೋಗಿತ್ತು. ಹಿಮ ಬಿದ್ದು ಪಾಸ್ ಮುಚ್ಚಿದರೆ ಮುಂದಿನ ಬೇಸಿಗೆಯವರೆಗೆ ಲಡಾಖ್‌ನ ಗತಿ ಏನೆಂದು ಹೇಳುವಂತಿರಲಿಲ್ಲ. ಅಂದರೆ ತಿಮ್ಮಯ್ಯನವರ ಕೈಯಲ್ಲಿ ಉಳಿದಿದ್ದದ್ದು ಕೆಲವೇ ವಾರ.

ಬಂಡೆಯ ಸಂದಿಯಲ್ಲಿ ಕುಳಿತ ಮಷಿನ್‌ಗನ್ ಬಾಯಿ ಮುಚ್ಚಿಸಬೇಕಾದರೆ ಹತ್ತಿರ ಹೋಗಿ ನೇರವಾಗಿ ಶೆಲ್ ಹೊಡೆಯಬೇಕು. ಆ ಕೆಲಸಕ್ಕೆ ಗುಂಡು ತಾಗದ ಕವಚವಿರುವ ತೋಪು ಬೇಕು, ಎಂದರೆ ಟ್ಯಾಂಕ್. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಆರಿಸಲು ಕಾರಣ ಅವುಗಳ ತೂಕ. ಆ ಕಾಲದ ಟ್ಯಾಂಕ್‌ಗಳಲ್ಲಿ ಅವು ಹಗುರ, ಆದರೂ 14-15 ಟನ್ ತೂಗುತ್ತಿದ್ದವು. ಜಮ್ಮುವಿನಿಂದ ಶ್ರೀನಗರದವರೆಗಿನ ದಾರಿಯ ಹಲವು ಸೇತುವೆಗಳಿಗೆ ಅದೂ ಭಾರವೇ. ಅದಕ್ಕಾಗಿ ಗೋಪುರಗಳನ್ನು, ಅಂದರೆ ತೋಪು ಕೂರಿಸಿದ ಮೇಲ್ಭಾಗಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಇದರಿಂದ ತೂಕವೂ ಇಳಿಯಿತು, ನೋಡಿದವರಿಗೆ ಅದು ಟ್ಯಾಂಕ್ ಎಂದು ಗೊತ್ತಾಗುವುದೂ ತಪ್ಪಿತು. ಶ್ರೀನಗರ ದಾಟುವಾಗ ಕರ್ಫ್ಯೂ ಹಾಕಲಾಗಿತ್ತು. ಗುಟ್ಟು ಒಡೆದಿದ್ದರೆ ಎದುರಾಳಿ ಟ್ಯಾಂಕ್ ನಿರೋಧಕ ತೋಪು ತಂದು ಕಾಯುತ್ತಿದ್ದ, ಅಲ್ಲಿಗೆ ಎಲ್ಲ ಶ್ರಮವೂ ನೀರುಪಾಲು.

ಬಾಲ್ತಾಲ್‌ನಿಂದ ಪಾಸ್‌ವರೆಗೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಟ್ಯಾಂಕ್ ಏರುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ದಳದ ಮದ್ರಾಸ್ ಸ್ಯಾಪರ್‌ಗಳು, ಅದೂ ಗುಂಡಿನ ದಾಳಿಯ ನಡುವೆ. ಈ ಗೆಲುವಿನಲ್ಲಿ ಅವರ ಪಾಲು ಟ್ಯಾಂಕ್‌ನವರಷ್ಟೇ ದೊಡ್ಡದು, ಆದರೆ ಜನ ಅವರನ್ನು ನೆನೆಯುವುದು ಕಡಿಮೆ. ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಕೊನೆಗೆ 1948ರ ನವೆಂಬರ್ 1ರಂದು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಟ್ಯಾಂಕ್‌ಗಳು ಹಿಮದ ನಡುವೆ ಪಾಸ್ ಏರಿದವು. ಡಿವಿಷನ್ ಕಮಾಂಡರ್ ಆಗಿದ್ದ ಮೇಜರ್ ಜನರಲ್ ತಿಮ್ಮಯ್ಯ ಸ್ವತಃ ಮುಂದಿನ ಟ್ಯಾಂಕ್‌ನಲ್ಲಿದ್ದರು. ಅಷ್ಟೆತ್ತರದಲ್ಲಿ ಟ್ಯಾಂಕ್ ಎದುರಾದೀತು ಎಂದು ಎಣಿಸಿರದ ಎದುರಾಳಿ ಪಡೆ ಕಾಲ್ತೆಗೆಯಿತು. ಅದೇ ತಿಂಗಳು ದ್ರಾಸ್, ನಂತರ ಕಾರ್ಗಿಲ್ ಕೈಗೆ ಬಂದು ಲೇಹ್‌ನ ದಾರಿ ತೆರೆಯಿತು. ಡಿವಿಷನ್ ಕಮಾಂಡರ್ ಮುಂದಿನ ಟ್ಯಾಂಕ್‌ನಲ್ಲಿ ಕೂರುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಸರಿಯಲ್ಲ. ಆದರೆ ಒಮ್ಮೆ ಸೋತು ಬಂದ ಪಡೆಯನ್ನು ಅದೇ ಇಳಿಜಾರಿಗೆ ಮತ್ತೆ ಕಳಿಸುವಾಗ ಅವರು ಅಲ್ಲಿರಬೇಕಿತ್ತು ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ತಿಮ್ಮಯ್ಯನವರ ಡಿಎಸ್‌ಒ ಪದಕ ಜೊಜಿಲಾಕ್ಕೆ ಸಿಕ್ಕಿದ್ದೇ?

ಉತ್ತರ: ಅಲ್ಲ, ಅದು ಬರ್ಮಾ ಯುದ್ಧದ್ದು. ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್ ಬ್ರಿಟಿಷ್ ಗೌರವ. ಶತ್ರುವಿನ ಎದುರು ಪಡೆಯನ್ನು ಚೆನ್ನಾಗಿ ಮುನ್ನಡೆಸಿದ ಅಧಿಕಾರಿಗೆ, ಹೆಚ್ಚಾಗಿ ಮೇಜರ್ ಮತ್ತು ಮೇಲಿನವರಿಗೆ ಅದು ಸಲ್ಲುತ್ತಿತ್ತು. 1945ರ ಆರಂಭದಲ್ಲಿ ಅರಾಕಾನ್ ಕರಾವಳಿಯ ಕಾಂಗಾವ್‌ನಲ್ಲಿ ಜಪಾನಿ ಪಡೆ ಹಿಂದೆ ಸರಿಯುವ ರಸ್ತೆಗೆ ಅಡ್ಡ ಹಾಕುವ ಕದನ ನಡೆಯಿತು. ಅಲ್ಲಿ ಹೋರಾಡಿದ 51ನೇ ಬ್ರಿಗೇಡ್‌ನ ಮೂರೂ ಬೆಟಾಲಿಯನ್‌ಗಳಿಗೆ ಭಾರತೀಯರೇ ಕಮಾಂಡರ್‌ಗಳು: ತಿಮ್ಮಯ್ಯ, ಎಸ್‌.ಪಿ.ಪಿ. ಥೋರಟ್, ಎಲ್‌.ಪಿ. ಸೇನ್. ಮೂವರಿಗೂ ಡಿಎಸ್‌ಒ ಬಂತು. ಭಾರತೀಯರು ಹೋರಾಡಬಲ್ಲರು, ಆದರೆ ಬೆಟಾಲಿಯನ್ ನಡೆಸಲಾರರು ಎಂಬ ಹಳೆಯ ಮಾತಿಗೆ ಅಲ್ಲಿ ಉತ್ತರ ಸಿಕ್ಕಿತು. ಮುಂದೆ ತಿಮ್ಮಯ್ಯ 36ನೇ ಬ್ರಿಗೇಡ್‌ನ ಹೊಣೆ ಹೊತ್ತರು. ಆ ಮಹಾಯುದ್ಧದಲ್ಲಿ ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿದ ಭಾರತೀಯ ಅವರೊಬ್ಬರೇ.

ಪ್ರಶ್ನೆ: ಕಾರ್ಯಪ್ಪನವರ ಹೆಸರಿನ ಮುಂದೆ ಶೌರ್ಯ ಪದಕ ಕಾಣುವುದಿಲ್ಲ. ಹಾಗಿದ್ದೂ ಫೀಲ್ಡ್ ಮಾರ್ಷಲ್ ಆದದ್ದು ಹೇಗೆ?

ಉತ್ತರ: ಫೀಲ್ಡ್ ಮಾರ್ಷಲ್ ಎಂಬುದು ಪದಕವಲ್ಲ, ಪದವಿ. ಅದಕ್ಕೆ ಶೌರ್ಯ ಪದಕ ಇರಲೇಬೇಕೆಂಬ ನಿಯಮವಿಲ್ಲ. 1919ರಲ್ಲಿ ಸೇನೆಗೆ ಸೇರಿದ ಕಾರ್ಯಪ್ಪ 1933ರಲ್ಲಿ ಕ್ವೆಟ್ಟಾ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಬೆಟಾಲಿಯನ್ ಕಮಾಂಡ್ ಪಡೆದ ಮೊದಲ ಭಾರತೀಯರೂ ಅವರೇ. ಅವರಿಗಿದ್ದದ್ದು ಬ್ರಿಟಿಷರ ಒಬಿಇ ಮತ್ತು ಅಮೆರಿಕದ ಲೀಜನ್ ಆಫ್ ಮೆರಿಟ್, ಎರಡೂ ಸೇವಾ ಗೌರವಗಳು. ಯುದ್ಧಕಾಲದ ಅವರ ದೊಡ್ಡ ಕೆಲಸ ನಡೆದದ್ದು 1948ರಲ್ಲಿ, ಪಶ್ಚಿಮ ಕಮಾಂಡ್‌ನ ಮುಖ್ಯಸ್ಥರಾಗಿ. ಜಮ್ಮು ಭಾಗದ ಜಂಗರ್ ಮರಳಿ ಗೆಲ್ಲುವುದು, ಮುತ್ತಿಗೆಯಲ್ಲಿದ್ದ ಪೂಂಚ್‌ಗೆ ದಾರಿ ತೆರೆಯುವುದು, ಜೊಜಿಲಾ ದಾಟುವುದು, ಈ ಮೂರೂ ಅವರ ಕಮಾಂಡ್‌ನ ಯೋಜನೆಗಳು. ಜೊಜಿಲಾದಲ್ಲಿ ತಿಮ್ಮಯ್ಯ ಮುಂದಿದ್ದರೆ, ಹಿಂದೆ ನಿಂತು ಪಡೆ, ಸರಕು, ಅನುಮತಿ ಒದಗಿಸಿದವರು ಕಾರ್ಯಪ್ಪ. 1949ರ ಜನವರಿ 15ರಂದು ಅವರು ಮೊದಲ ಭಾರತೀಯ ಮಹಾದಂಡನಾಯಕರಾದರು. ಸೇನಾ ದಿನ ಆಚರಿಸುವುದು ಆ ನೆನಪಿಗೇ. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, 87ನೇ ವಯಸ್ಸಿನಲ್ಲಿ.

ಪ್ರಶ್ನೆ: ಮಾಣೆಕ್ ಷಾ ಗಾಯಗೊಂಡು ಬಿದ್ದಿದ್ದಾಗಲೇ ಜನರಲ್ ಒಬ್ಬರು ತಮ್ಮ ಪದಕ ತೆಗೆದು ತೊಡಿಸಿದರಂತೆ. ಅಂಥ ಅವಸರ ಏಕೆ?

ಉತ್ತರ: ಬ್ರಿಟಿಷ್ ಶೌರ್ಯ ಪದಕವಾದ ಮಿಲಿಟರಿ ಕ್ರಾಸ್ ಅನ್ನು ಆಗ ಮರಣೋತ್ತರವಾಗಿ ಕೊಡುವಂತಿರಲಿಲ್ಲ. ಸತ್ತವರಿಗೆ ಶತ್ರುವಿನೆದುರಿನ ಶೌರ್ಯಕ್ಕಾಗಿ ವಿಕ್ಟೋರಿಯಾ ಕ್ರಾಸ್ ಇಲ್ಲವೇ ವರದಿಯಲ್ಲಿ ಹೆಸರಿನ ಉಲ್ಲೇಖ, ಇವೆರಡೇ ದಾರಿ. 1942ರ ಫೆಬ್ರುವರಿಯಲ್ಲಿ ಬರ್ಮಾದ ಸಿಟ್ಟಾಂಗ್ ಸೇತುವೆ ಬಳಿ ತಮ್ಮ ಕಂಪನಿಯನ್ನು ಮುನ್ನಡೆಸುತ್ತಿದ್ದ ಮಾಣೆಕ್ ಷಾ ಅವರ ಹೊಟ್ಟೆಗೆ ಮಷಿನ್‌ಗನ್ ಗುಂಡುಗಳು ಹೊಕ್ಕಿದ್ದವು. ಬದುಕುವ ಭರವಸೆ ಇರಲಿಲ್ಲ. ಮೇಜರ್ ಜನರಲ್ ಕೋವನ್ ತಮ್ಮದೇ ಮಿಲಿಟರಿ ಕ್ರಾಸ್‌ನ ರಿಬ್ಬನ್ ತೆಗೆದು ಅವರ ಎದೆಗೆ ಸಿಕ್ಕಿಸಿದರು. ಅಧಿಕೃತ ಪ್ರಕಟಣೆ ಬಂದದ್ದು ಏಪ್ರಿಲ್‌ನಲ್ಲಿ. ಸ್ವತಂತ್ರ ಭಾರತ ‘ಚಕ್ರ’ ಎಂದು ಕರೆಯುವ ತನ್ನ ಶೌರ್ಯ ಪದಕಗಳಿಗೆ ಈ ಕಟ್ಟುಪಾಡು ಇಡಲಿಲ್ಲ. 1948ರ ಜುಲೈ 3ರಂದು ಜಂಗರ್‌ನಲ್ಲಿ ಮಡಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರಿಗೆ ಮಹಾವೀರ ಚಕ್ರ ಸಂದದ್ದು ಮರಣೋತ್ತರವಾಗಿಯೇ.

ಪ್ರಶ್ನೆ: ಜನರಲ್‌ಗಳ ಹೆಸರಿನ ಮುಂದೆ ಬರುವ ಅಕ್ಷರಗಳನ್ನು ಓದುವುದು ಹೇಗೆ? ಕೆಲವೆಡೆ ಪಿವಿಎಸ್‌ಎಂ ಮೊದಲು, ಎಂವಿಸಿ ಆಮೇಲೆ ಬರುತ್ತದೆ. ಶೌರ್ಯ ಪದಕ ಮೊದಲು ಬರಬೇಡವೇ?

ಉತ್ತರ: ಇದು ಬರೆದವರ ಇಷ್ಟವಲ್ಲ, ಸರ್ಕಾರ ಗೊತ್ತುಪಡಿಸಿದ ಧರಿಸುವ ಕ್ರಮ. ಭಾರತ ರತ್ನದ ನಂತರ ಪರಮವೀರ ಚಕ್ರ, ಅಶೋಕ ಚಕ್ರ, ಪದ್ಮವಿಭೂಷಣ, ಪದ್ಮಭೂಷಣ, ಸರ್ವೋತ್ತಮ ಯುದ್ಧ ಸೇವಾ ಪದಕ, ಪರಮ ವಿಶಿಷ್ಟ ಸೇವಾ ಪದಕ (ಪಿವಿಎಸ್‌ಎಂ), ಅದರ ಕೆಳಗೆ ಮಹಾವೀರ ಚಕ್ರ (ಎಂವಿಸಿ). ಅತಿ ವಿಶಿಷ್ಟ ಸೇವಾ ಪದಕ (ಎವಿಎಸ್‌ಎಂ) ಇನ್ನೂ ಕೆಳಗೆ, ವೀರ ಚಕ್ರ ಅದಕ್ಕೂ ಕೆಳಗೆ. ಹಾಗಾಗಿ ಜನರಲ್ ಅರುಣ್ ವೈದ್ಯ ಅವರ ಹೆಸರಿನ ಮುಂದೆ ಪಿವಿಎಸ್‌ಎಂ, ಎಂವಿಸಿ, ಎವಿಎಸ್‌ಎಂ ಎಂಬ ಸಾಲು. ಎಂವಿಸಿ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಅದೇ ಪದಕ ಎರಡನೇ ಸಲ ಬಂದಿದೆ ಎಂದರ್ಥ. ಎರಡನೇ ಸಲ ಹೊಸ ಪದಕ ಕೊಡುವುದಿಲ್ಲ, ರಿಬ್ಬನ್ ಮೇಲೆ ಒಂದು ಪಟ್ಟಿ ಸೇರಿಸುತ್ತಾರೆ. ಎರಡು ಬಾರಿ ಮಹಾವೀರ ಚಕ್ರ ಪಡೆದವರು ಆರೇ ಮಂದಿ. ವೈದ್ಯ ಮತ್ತು ಜೊಜಿಲಾದ ‘ಸ್ಪ್ಯಾರೋ’ ಆ ಪಟ್ಟಿಯಲ್ಲಿದ್ದಾರೆ.

ಫೋಟೊ ಮಾತ್ರ ಇದ್ದರೆ ರಿಬ್ಬನ್ ನೋಡಿ. ಪರಮವೀರ ಚಕ್ರದ್ದು ಅಚ್ಚ ನೇರಳೆ. ಮಹಾವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರದ್ದು ಅರ್ಧ ಕಡುನೀಲಿ, ಅರ್ಧ ಕಿತ್ತಳೆ. ವಿಶಿಷ್ಟ ಸೇವಾ ಪದಕಗಳಲ್ಲಿ ಹಲವರು ಎಡವುತ್ತಾರೆ: ಚಿನ್ನದ ಬಣ್ಣದ ಮೇಲೆ ಕಡುನೀಲಿ ಗೆರೆ ಒಂದಿದ್ದರೆ ‘ಪರಮ’, ಎರಡಿದ್ದರೆ ‘ಅತಿ’, ಮೂರಿದ್ದರೆ ಬರೀ ‘ವಿಶಿಷ್ಟ’. ಗೆರೆ ಕಡಿಮೆಯಾದಷ್ಟೂ ದರ್ಜೆ ಮೇಲೆ. ಈ ಹೆಸರುಗಳು ಬಂದದ್ದು 1967ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಒಂದನೇ, ಎರಡನೇ, ಮೂರನೇ ದರ್ಜೆ ಎಂದಿರುತ್ತದೆ. ಕೊನೆಯಲ್ಲಿ ಬರುವ ಎಡಿಸಿ ಪದಕವಲ್ಲ. ಅದು ರಾಷ್ಟ್ರಪತಿಗಳ ಗೌರವ ಪರಿಸಹಾಯಕರೆಂಬ ನೇಮಕ, ಹುದ್ದೆ ಬಿಟ್ಟಾಗ ಅದೂ ಹೋಗುತ್ತದೆ.

ಪ್ರಶ್ನೆ: ಪರಮವೀರ ಚಕ್ರ ಪಡೆದವರಲ್ಲಿ ಒಬ್ಬ ಜನರಲ್ ಕೂಡ ಇಲ್ಲವೇಕೆ? 1971ರ ಬಾಂಗ್ಲಾ ಯುದ್ಧದಲ್ಲಿ ಮೇಘನಾ ನದಿ ದಾಟಿದ ಸಗತ್ ಸಿಂಗ್ ಅವರಿಗೂ ಶೌರ್ಯ ಪದಕ ಇಲ್ಲವಲ್ಲ?

ಉತ್ತರ: ಪರಮವೀರ ಚಕ್ರ ಶತ್ರುವಿನ ಎದುರು ತೋರಿದ ಅಸಾಧಾರಣ ಶೌರ್ಯಕ್ಕೆ. ಜನರಲ್‌ನ ಕೆಲಸ ನಕ್ಷೆ, ಸಮಯ, ಸರಕು, ನಿರ್ಧಾರ. 21 ಪರಮವೀರರಲ್ಲಿ ಅತಿ ಹೆಚ್ಚಿನ ದರ್ಜೆಯವರು 1965ರಲ್ಲಿ ಟ್ಯಾಂಕ್ ಕದನದಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್.

ಸಗತ್ ಸಿಂಗ್ ಅವರ ನಿರ್ಧಾರ ಎಂಥದ್ದೆಂದು ನೋಡಿ. ಅವರ ಕೈಕೆಳಗಿನ 4ನೇ ಕೋರ್‌ಗೆ (ಹಲವು ಡಿವಿಷನ್‌ಗಳ ಪಡೆ) ಕೊಟ್ಟ ಕೆಲಸದಲ್ಲಿ ಢಾಕಾ ಇರಲಿಲ್ಲ. ಹಿಂದೆ ಸರಿದ ಪಾಕ್ ಪಡೆ ಆಶುಗಂಜ್ ಬಳಿಯ ಸೇತುವೆಯನ್ನು ಸ್ಫೋಟಿಸಿತು, ಎದುರಿಗೆ ಆಚೆ ದಡ ದೂರವಿರುವ ಮೇಘನಾ. ನಿಂತು ಸೇತುವೆ ಕಟ್ಟಿಸುವುದು ಪುಸ್ತಕದ ಉತ್ತರ. ಅವರು 1971ರ ಡಿಸೆಂಬರ್ 9ರಿಂದ ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಪಡೆಯನ್ನು ಆಚೆ ಇಳಿಸತೊಡಗಿದರು. ಒಂದು ಹೆಲಿಕಾಪ್ಟರ್‌ಗೆ ಹನ್ನೆರಡು-ಹದಿನಾಲ್ಕು ಮಂದಿ ಹಿಡಿದರೆ 800 ಜನರ ಒಂದು ಬೆಟಾಲಿಯನ್‌ಗೇ ಅರವತ್ತರಷ್ಟು ಹಾರಾಟ ಬೇಕು. ಅಷ್ಟು ಹೊತ್ತೂ ಮೊದಲು ಇಳಿದವರು ಭಾರಿ ತೋಪುಗಳಿಲ್ಲದೆ ಒಂಟಿಯಾಗಿರುತ್ತಾರೆ. ಎದುರಾಳಿ ಆಗ ತಿರುಗಿ ಬಿದ್ದರೆ ಅವರಿಗೆ ಹಿಂದೆ ದಾರಿಯಿಲ್ಲ. ಸರಿಯುತ್ತಿರುವ ಪಡೆ ಅಷ್ಟು ಬೇಗ ತಿರುಗಲಾರದು ಎಂದು ಅವರು ಲೆಕ್ಕ ಹಾಕಿದ್ದರು. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಆ ಹಾರಾಟಗಳನ್ನು ನಡೆಸಿಕೊಟ್ಟರು, ಅವರಿಗೆ ಮಹಾವೀರ ಚಕ್ರ ಬಂತು. ಸಗತ್ ಸಿಂಗ್ ಅವರಿಗೆ ಸಿಕ್ಕಿದ್ದು ಪದ್ಮಭೂಷಣ.

ಇದಕ್ಕೆ ಒಂದು ಕಾರಣ ಪದಕಗಳ ವ್ಯವಸ್ಥೆಯಲ್ಲೇ ಇದ್ದ ಕೊರತೆ. ಡಿಎಸ್‌ಒ ಹೋದ ಮೇಲೆ ಯುದ್ಧದಲ್ಲಿ ಪಡೆ ನಡೆಸಿದ್ದಕ್ಕೆಂದೇ ಮೀಸಲಾದ ಗೌರವ ನಮ್ಮಲ್ಲಿರಲಿಲ್ಲ. ಬ್ರಿಗೇಡ್, ಡಿವಿಷನ್ ಮಟ್ಟದ ಹಲವರಿಗೆ ಮಹಾವೀರ ಚಕ್ರ ಕೊಟ್ಟರು, ಅದಕ್ಕೂ ಮೇಲಿನವರಿಗೆ ಪದ್ಮ ಪ್ರಶಸ್ತಿಗಳ ಮೊರೆ ಹೋದರು. 1980ರಲ್ಲಿ ಯುದ್ಧ ಸೇವಾ ಪದಕಗಳ ಮೂರು ದರ್ಜೆ ಬಂದ ಮೇಲೆ ಈ ತೆರವು ತುಂಬಿತು. ಕಾರ್ಗಿಲ್ ಯುದ್ಧದ ಉತ್ತರ ಕಮಾಂಡ್ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಎಚ್‌.ಎಂ. ಖನ್ನಾ ಅವರಿಗೆ ಅದರ ಅತ್ಯುನ್ನತ ದರ್ಜೆಯಾದ ಸರ್ವೋತ್ತಮ ಯುದ್ಧ ಸೇವಾ ಪದಕ ಸಂದಿತು. ಆ ಪದಕ ಹತ್ತು ವರ್ಷ ಮೊದಲೇ ಇದ್ದಿದ್ದರೆ ಸಗತ್ ಸಿಂಗ್ ಅದಕ್ಕೆ ಮೊದಲ ಹಕ್ಕುದಾರರಾಗುತ್ತಿದ್ದರು.

ಪ್ರಶ್ನೆ: ಹರ್‌ಬಕ್ಷ್ ಸಿಂಗ್ ಕರ್ನಲ್ ಆಗಿದ್ದವರು ಮತ್ತೆ ಲೆಫ್ಟಿನೆಂಟ್ ಕರ್ನಲ್ ಆದರು ಎಂದು ಓದಿದೆ. ಅದು ಶಿಕ್ಷೆಯೇ?

ಉತ್ತರ: ಖಂಡಿತ ಅಲ್ಲ. 1947ರ ಡಿಸೆಂಬರ್‌ನಲ್ಲಿ 1 ಸಿಖ್ ಬೆಟಾಲಿಯನ್ ಕಾಶ್ಮೀರದಲ್ಲಿ ಭಾರಿ ಸಾವುನೋವು ಕಂಡಾಗ ಅದನ್ನು ಮತ್ತೆ ಕಟ್ಟಲು ಅವರು ತಾವಾಗಿಯೇ ಒಂದು ಮೆಟ್ಟಿಲು ಇಳಿದು ಹೋದರು. ಮುಂದೆ 163ನೇ ಬ್ರಿಗೇಡ್‌ನೊಂದಿಗೆ ತಿಥ್ವಾಲ್ ಗೆದ್ದರು. ವೀರ ಚಕ್ರ ಬಂದದ್ದು 1948ರ ಈ ಕದನಗಳಿಗೆ. 1965ರಲ್ಲಿ ಇಡೀ ಪಶ್ಚಿಮ ಕಮಾಂಡ್ ನಡೆಸಿ ಪದ್ಮವಿಭೂಷಣ ಪಡೆದರು. ದರ್ಜೆ ಇಳಿದಂತೆ ಕಾಣಲು ಇನ್ನೊಂದು ಕಾರಣವೂ ಉಂಟು. ಯುದ್ಧಕಾಲದಲ್ಲಿ ಕಾಯಂ ದರ್ಜೆ ಒಂದಿದ್ದು, ಹುದ್ದೆಗಾಗಿ ಕೊಟ್ಟ ತಾತ್ಕಾಲಿಕ ದರ್ಜೆ ಬೇರೆ ಇರುತ್ತಿತ್ತು. ಹುದ್ದೆ ಮುಗಿದರೆ ಹಳೆಯದಕ್ಕೆ ಮರಳುತ್ತಿದ್ದರು.

ಪ್ರಶ್ನೆ: ತಿಮ್ಮಯ್ಯನವರು 1959ರಲ್ಲಿ ರಾಜೀನಾಮೆ ಕೊಟ್ಟಿದ್ದರೇ?

ಉತ್ತರ: ಕೊಟ್ಟಿದ್ದರು, ಆಗಸ್ಟ್ 31ರಂದು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಬಿರುಕು ಕಾರಣ. ನೆಹರೂ ಒತ್ತಾಯಕ್ಕೆ ಹಿಂತೆಗೆದುಕೊಂಡು 1961ರ ಮೇವರೆಗೆ ಸೇನಾ ಮುಖ್ಯಸ್ಥರಾಗಿದ್ದರು.

ಪ್ರಶ್ನೆ: ನಮ್ಮ ಅಜ್ಜ ಬರ್ಮಾ ಯುದ್ಧದಲ್ಲಿದ್ದರು. ಮನೆಯಲ್ಲಿ ಕೆಲವು ಪದಕಗಳಿವೆ. ಅವು ಶೌರ್ಯಕ್ಕೆ ಬಂದವೇ, ಯಾವ ಕಮಾಂಡರ್ ಕೈಕೆಳಗೆ ಅವರಿದ್ದರು ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಪದಕದ ಆಕಾರ ನೋಡಿ. ಆರು ಮೂಲೆಯ ತಾಮ್ರವರ್ಣದ ನಕ್ಷತ್ರದಲ್ಲಿ ಬರ್ಮಾ ಅಥವಾ 1939-45 ಎಂದಿದ್ದರೆ ಅದು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಎಲ್ಲ ಅರ್ಹರಿಗೂ ಕೊಟ್ಟದ್ದು, ಶೌರ್ಯ ಪದಕವಲ್ಲ. ಶಿಲುಬೆಯಾಕಾರದ ಬೆಳ್ಳಿ ಪದಕವಿದ್ದರೆ ಮಿಲಿಟರಿ ಕ್ರಾಸ್ ಇರಬಹುದು. ಪದಕವನ್ನು ಹುಣಸೆಹಣ್ಣು, ಪಾಲಿಶ್ ಹಾಕಿ ಉಜ್ಜಬೇಡಿ. ಅಂಚಿನಲ್ಲಿ ಕೊರೆದ ನಂಬರು, ಹೆಸರು ಸವೆದುಹೋದರೆ ಇದ್ದ ಒಂದು ಸುಳಿವೂ ಹೋಯಿತು. ಅಲ್ಲಿರುವುದನ್ನು ಅಕ್ಷರಶಃ ಬರೆದುಕೊಳ್ಳಿ.

ಆಮೇಲೆ ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಟ್ಟ ಸೇವಾ ಪುಸ್ತಕ ಹುಡುಕಿ. ಅದರಲ್ಲಿ 8/19 ಎಂದಿದ್ದರೆ 19ನೇ ರೆಜಿಮೆಂಟ್‌ನ 8ನೇ ಬೆಟಾಲಿಯನ್ ಎಂದು ಓದಬೇಕು. ತಿರುಗಿಸಿ ಓದಿದರೆ ಹುಡುಕಾಟವೇ ದಾರಿ ತಪ್ಪುತ್ತದೆ. ಹೆಸರು ಬದಲಾದ ರೆಜಿಮೆಂಟ್‌ಗಳೂ ಇವೆ. ಕಾಂಗಾವ್‌ನಲ್ಲಿ ತಿಮ್ಮಯ್ಯ ನಡೆಸಿದ್ದು ಇದೇ 8/19 ಹೈದರಾಬಾದ್. ಆ ರೆಜಿಮೆಂಟ್ 1945ರಲ್ಲೇ ಕುಮಾವ್ ಆಯಿತು. ಬೆಟಾಲಿಯನ್ ಮತ್ತು ವರ್ಷ ಸಿಕ್ಕರೆ ಕಮಾಂಡರ್ ಹೆಸರು ರೆಜಿಮೆಂಟ್‌ನ ಇತಿಹಾಸ ಪುಸ್ತಕದಲ್ಲಿ ಸಿಗುತ್ತದೆ.

ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರ ದಾಖಲೆ ಆಯಾ ರೆಜಿಮೆಂಟ್‌ನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ಸ್‌ನದ್ದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟ್‌ನದ್ದು ವೆಲ್ಲಿಂಗ್ಟನ್‌ನಲ್ಲಿ. ಸೇವಾ ನಂಬರು, ಸಂಬಂಧ ತೋರಿಸುವ ದಾಖಲೆ ಎರಡನ್ನೂ ಅರ್ಜಿಗೆ ಲಗತ್ತಿಸಿ. ಬಲೂಚ್‌ನಂಥ ರೆಜಿಮೆಂಟ್ ಆಗಿದ್ದರೆ ಅದು ದೇಶವಿಭಜನೆಯಲ್ಲಿ ಪಾಕಿಸ್ತಾನದ ಪಾಲಾಗಿದೆ.

1947ಕ್ಕೆ ಹಿಂದಿನ ಶೌರ್ಯ ಪದಕವಾದರೆ ಬ್ರಿಟಿಷ್ ಸರ್ಕಾರದ ಅಧಿಕೃತ ಪ್ರಕಟಣಾ ಪತ್ರವಾದ ಲಂಡನ್ ಗೆಜೆಟ್ ಅನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಆದರೆ ಅಲ್ಲಿ ಬಹುಪಾಲು ಹೆಸರಷ್ಟೇ ಇರುತ್ತದೆ. ಏನು ಮಾಡಿದ್ದಕ್ಕೆ ಪದಕ ಬಂತು ಎಂಬ ಶಿಫಾರಸು ಪತ್ರ ಬ್ರಿಟನ್‌ನ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯುಒ 373 ಎಂಬ ಸರಣಿಯಲ್ಲಿದೆ. ಸ್ವಾತಂತ್ರ್ಯಾನಂತರದ್ದಾದರೆ ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಹೆಸರು, ವರ್ಷ, ಪ್ರಶಸ್ತಿ ಪತ್ರ ನೋಡಬಹುದು. ಹೆಸರು ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ. ಕಾರ್ಯಪ್ಪ ಎಂಬ ಹೆಸರನ್ನೇ ಇಂಗ್ಲಿಷ್‌ನಲ್ಲಿ ಎರಡು ಮೂರು ಬಗೆಯಲ್ಲಿ ಬರೆದಿದ್ದಾರೆ. ಮನೆತನದ ಹೆಸರು, ಊರ ಹೆಸರು, ಬರೀ ಇನಿಷಿಯಲ್, ಹೀಗೆ ಬದಲಿಸಿ ಹುಡುಕಿ. ಸೇವಾ ನಂಬರಿನಿಂದ ಹುಡುಕುವ ಅವಕಾಶವಿದ್ದರೆ ಅದನ್ನೇ ಮೊದಲು ಪ್ರಯತ್ನಿಸಿ.