ಗೋಡೆ ಮನೆಗೂ ಕೆರೆಗೂ ಮಧ್ಯೆನೇ ಇತ್ತು
ಬರ್ಲಿನ್ ಗೋಡೆ ಒಬ್ರ ಮನೆ ಹಿತ್ತಲಲ್ಲೇ ಹಾದು ಹೋಗಿತ್ತಂತೆ, ನಿಜಾನಾ ಅಂತ ಕೇಳಿದ್ರಲ್ಲ, ಹೌದು ನಿಜ. ಬರ್ಲಿನ್ ಪಕ್ಕ ಗ್ರೋಸ್ ಗ್ಲಿನಿಕೆ ಅನ್ನೋ ಊರಲ್ಲಿ ಕೆರೆ ದಡದ ಮರದ ಮನೆ ಅದು. 1927ರಲ್ಲಿ ಆಲ್ಫ್ರೆಡ್ ಅಲೆಕ್ಸಾಂಡರ್ ಅನ್ನೋ ಯಹೂದಿ ಡಾಕ್ಟ್ರು ವೀಕೆಂಡ್ ಕಳೆಯೋಕೆ ಅಂತ ಕಟ್ಟಿಸಿದ್ದು, ನಾಜಿಗಳ ಕಾಟಕ್ಕೆ 1936ರಲ್ಲಿ ಎಲ್ಲಾ ಬಿಟ್ಟು ಇಂಗ್ಲೆಂಡ್ ಸೇರ್ಕೋಬೇಕಾಯ್ತು, ಆಮೇಲೆ ಮನೆ ವಿಲ್ ಮೈಸೆಲ್ ಅನ್ನೋ ಸಂಗೀತ ಪ್ರಕಾಶಕರ ಕೈಗೆ ಹೋಯ್ತು. ಯುದ್ಧ ಮುಗಿದ್ಮೇಲೆ ಊರು ಪೂರ್ವ ಜರ್ಮನಿ ಪಾಲು, ಆಚೆ ದಡ ಪಶ್ಚಿಮ ಬರ್ಲಿನ್. 1961ರಿಂದ ಮನೆಗೂ ಕೆರೆಗೂ ಮಧ್ಯೆ ಗೋಡೆ! ಕೆರೆ ದಡದಲ್ಲಿ ವೀಕೆಂಡ್ ಕಳೆಯೋಕೆ ಅಂತಾನೇ ಕಟ್ಟಿದ ಮನೆ, ಅಲ್ಲಿದ್ದವರಿಗೆ 28 ವರ್ಷ ನೀರಿಗೆ ಕಾಲಿಡೋಕೂ ಆಗ್ಲಿಲ್ಲ ಅನ್ನೋದು ನೆನೆಸ್ಕೊಂಡ್ರೇನೇ ಕರುಳು ಹಿಂಡುತ್ತೆ. ಪಾಳು ಬಿದ್ದು ಕೆಡವೋ ಹಂತಕ್ಕೆ ಬಂದಿತ್ತು, ಡಾಕ್ಟ್ರ ವಂಶದವರು, ಊರಿನವರು ಸೇರಿ ಕ್ಲೀನ್ ಮಾಡಿ ಉಳಿಸ್ಕೊಂಡ್ರು, 2014ರಲ್ಲಿ ಸ್ಮಾರಕ ಅಂತ ಘೋಷಣೆನೂ ಆಯ್ತು. ಆ ಕಡೆ ಹೋದ್ರೆ ಖಂಡಿತ ನೋಡ್ಕೊಂಡು ಬನ್ನಿ, ಅಲೆಕ್ಸಾಂಡರ್ ಹೌಸ್ ಅಂತ ಕೇಳಿ.