ಹಿಂಬಾಗಿಲು ಎಂದು ಹಳಿಯುವ ಮೊದಲು

ಓದುಗರ ಪತ್ರ: ಮಾನ್ಯ ಸಂಪಾದಕರೆ, ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಡಿಕ್ ಅಲೆನ್ ಅವರ ಕುರಿತ ಲೇಖನ ಓದಿದೆ. ಮಗನ ಜೊತೆ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠ ಆಟಗಾರರ ಹೆಸರಿನ ಫಲಕಗಳನ್ನು ಗೋಡೆಗೆ ಹಾಕುವ ಸಂಗ್ರಹಾಲಯ, ನೋಡಿ ಬಂದವನು ನಾನು. ಪತ್ರಕರ್ತರ ಮತದಾನದಲ್ಲಿ ವರ್ಷಾನುಗಟ್ಟಲೆ ಅವಕಾಶ ಸಿಕ್ಕಿಯೂ ಗೆಲ್ಲದವರನ್ನು ದಶಕಗಳ ನಂತರ ಸಮಿತಿಯ ಹಿಂಬಾಗಿಲಿನಿಂದ ಒಳಗೆ ತರುವುದು ಆ ಗೌರವವನ್ನು ಅಗ್ಗ ಮಾಡುವುದಿಲ್ಲವೆ? ಅದರಲ್ಲೂ ತೀರಿಹೋದವರಿಗೆ ಫಲಕ ಹಾಕಿ ಯಾರಿಗೇನು ಪ್ರಯೋಜನ? – ಒಬ್ಬ ಓದುಗ, ನ್ಯೂಜೆರ್ಸಿ

ಸಂಪಾದಕರ ಉತ್ತರ:

ಮಾನ್ಯರೆ, ಬೇಸ್‌ಬಾಲ್ ಬಗ್ಗೆ ಬರೆದಾಗಲೆಲ್ಲ ನಮಗೆ ಬರುವುದು ‘ಕನ್ನಡ ಪತ್ರಿಕೆಗೆ ಇದೆಲ್ಲ ಏಕೆ’ ಎಂಬ ಪತ್ರಗಳೇ. ನೀವು ಹಾಗೆ ಬರೆಯದೆ ಜಗಳಕ್ಕೇ ಇಳಿದಿದ್ದೀರಿ. ಸಂತೋಷ. ಆದರೆ ನಿಮ್ಮ ಪತ್ರದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದು ಅವಸರದ್ದು. ಎರಡನೆಯದು ನನ್ನ ಹಳೆಯ ಸಿಟ್ಟೊಂದನ್ನು ಕೆಣಕಿದೆ. ಆದ್ದರಿಂದ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ನಿಮ್ಮ ಕಡೆಯ ನ್ಯಾಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಪತ್ರಕರ್ತರು ಆರಿಸದವರನ್ನು ಮತ್ತೆ ಪರಿಶೀಲಿಸುವ ಸಮಿತಿಗಳು ತಮ್ಮವರನ್ನು ಒಳಗೆ ತಂದದ್ದು ನಿಜ. ಎಪ್ಪತ್ತರ ದಶಕದ ಆರಂಭದಲ್ಲಿ ಹಳೆಯ ಆಟಗಾರ ಫ್ರಾಂಕಿ ಫ್ರಿಷ್ ಅಂಥದೇ ಹಿರಿಯರ ಸಮಿತಿಯಲ್ಲಿ ಕುಳಿತು ತಮ್ಮ ಜೊತೆ ಆಡಿದವರಿಗೆಲ್ಲ ಫಲಕ ಹಂಚಿದರೆಂಬ ಮಾತು ಇಂದಿಗೂ ಇದೆ. ಜೆಸ್ಸಿ ಹೇನ್ಸ್, ಚಿಕ್ ಹೇಫಿ, ಜಾರ್ಜ್ ಕೆಲಿ ಮುಂತಾದ ಹೆಸರುಗಳನ್ನು ನೋಡಿದರೆ ಆ ಮಾತು ಸುಳ್ಳೆನಿಸುವುದಿಲ್ಲ. 2018ರಲ್ಲಿ ಹೆರಾಲ್ಡ್ ಬೇನ್ಸ್ ಎಂಬ ಆಟಗಾರ ಆಯ್ಕೆಯಾದಾಗ ಸಮಿತಿಯಲ್ಲಿ ಅವರ ಹಳೆಯ ಮ್ಯಾನೇಜರೂ ಇದ್ದರು, ತಂಡದ ಮಾಲೀಕರೂ ಇದ್ದರು. ಪತ್ರಕರ್ತರ ಮತದಾನದಲ್ಲಿ ಬೇನ್ಸ್ ಯಾವ ವರ್ಷವೂ ನೂರಕ್ಕೆ ಏಳನ್ನು ಮುಟ್ಟಿದವರಲ್ಲ. ಇಷ್ಟನ್ನು ಒಪ್ಪುತ್ತೇನೆ.

ಇನ್ನು ನೀವು ಕೈಮುಗಿಯುವ ಆ ಮುಂಬಾಗಿಲನ್ನು ನೋಡೋಣ. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಕಳೆದವರು ಮತ ಹಾಕುತ್ತಾರೆ, ನೂರಕ್ಕೆ 75 ಸಿಕ್ಕರೆ ಪ್ರವೇಶ. 1936ರ ಮೊದಲ ಮತದಾನದಲ್ಲಿ 226 ಮತದಾರರ ಪೈಕಿ 11 ಮಂದಿಗೆ ಈ ಆಟದ ದಂತಕಥೆಯೇ ಆದ ಬೇಬ್ ರೂತ್ ಯೋಗ್ಯನೆಂದು ತೋರಲಿಲ್ಲ. ಇಂದಿಗೂ ಅತ್ಯುತ್ತಮ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಕೊಡುವ ಪ್ರಶಸ್ತಿಯ ಮೇಲೆ ಯಾರ ಹೆಸರಿದೆಯೋ ಆ ಸೈ ಯಂಗ್ ಕೂಡ ಆ ವರ್ಷ ಹೊರಗೇ ಉಳಿದರು. ನಿವೃತ್ತರಾಗಿದ್ದ ಹೆಸರಾಂತ ಆಟಗಾರ ಜೋ ಡಿಮ್ಯಾಜಿಯೊ ಈ ಮತದಾನದಲ್ಲಿ 1953ರಲ್ಲಿ ಸೋತರು, 1954ರಲ್ಲಿ ಸೋತರು, 1955ರಲ್ಲಿ ಗೆದ್ದರು. ಈ ಎರಡು ವರ್ಷಗಳಲ್ಲಿ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ. ಬದಲಾದದ್ದು ಆಟಗಾರನಲ್ಲ, ಮತ ಹಾಕುವವರ ಮನಸ್ಸು. ಅಂಥ ಮತವನ್ನು ಅಂತಿಮ ತೀರ್ಪೆಂದು ಹೇಗೆ ಒಪ್ಪಲಿ?

ಇದಕ್ಕಿಂತ ಕೆಟ್ಟದ್ದು ನೂರಕ್ಕೆ ಐದರ ನಿಯಮ. ಅಷ್ಟೂ ಸಿಗದವರ ಹೆಸರು ಪಟ್ಟಿಯಿಂದಲೇ ಹೊರಗೆ. ಡೆಟ್ರಾಯಿಟ್ ಟೈಗರ್ಸ್‌ನ ಲೌ ವಿಟೇಕರ್ ಮತ್ತು ಆ್ಯಲನ್ ಟ್ರ್ಯಾಮೆಲ್ 1977ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ, ಒಂದೇ ಪಂದ್ಯದಲ್ಲಿ ಮೊದಲ ಬಾರಿಗೆ ಕಣಕ್ಕಿಳಿದವರು. ಒಬ್ಬರು ಸೆಕೆಂಡ್ ಬೇಸ್, ಇನ್ನೊಬ್ಬರು ಶಾರ್ಟ್‌ಸ್ಟಾಪ್, ಅಂದರೆ ಫೀಲ್ಡಿಂಗ್‌ನಲ್ಲಿ ಅಕ್ಕಪಕ್ಕದವರು. 1995ರವರೆಗೂ ಚೆಂಡು ಇವರ ಕೈಯಿಂದ ಅವರ ಕೈಗೆ ಹಾರುತ್ತಲೇ ಇತ್ತು. ವಿಟೇಕರ್ 2,369 ಹಿಟ್‌ ಹೊಡೆದರು, 244 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಬಾರಿಸಿದರು. 2001ರಲ್ಲಿ ಮೊದಲ ಸಲ ಅವರ ಹೆಸರು ಪಟ್ಟಿಗೆ ಬಂದಾಗ ಸಿಕ್ಕ ಮತ ನೂರಕ್ಕೆ 2.9. ಪತ್ರಕರ್ತರ ಮಟ್ಟಿಗೆ ಅಲ್ಲಿಗೆ ಕಥೆ ಮುಗಿಯಿತು. ಟ್ರ್ಯಾಮೆಲ್ ಅವರನ್ನೂ ಪತ್ರಕರ್ತರು ಒಳಗೆ ಬಿಡಲಿಲ್ಲ; 2018ರಲ್ಲಿ ಅವರ ಫಲಕ ಗೋಡೆ ಸೇರಿದ್ದು ನೀವು ಹಳಿಯುವ ಸಮಿತಿಯ ದಯೆಯಿಂದ. ವಿಟೇಕರ್ ಇನ್ನೂ ಹೊರಗೇ ಇದ್ದಾರೆ. ‘ವರ್ಷಾನುಗಟ್ಟಲೆ ಅವಕಾಶ’ ಎಂದು ಬರೆದಿದ್ದೀರಲ್ಲ, ಅವರಿಗೆ ಸಿಕ್ಕ ವರ್ಷ ಒಂದೇ.

ಎಲ್ಲರಿಗೂ ಬಾಗಿಲು ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ಉದ್ದೀಪನ ಮದ್ದಿನ ಆರೋಪ ಹೊತ್ತ ಬಾಂಡ್ಸ್, ಕ್ಲೆಮೆನ್ಸ್, ಬೆಟ್ಟಿಂಗ್‌ಗಾಗಿ ನಿಷೇಧಕ್ಕೊಳಗಾದ ಪೀಟ್ ರೋಸ್ ಅವರ ಪ್ರಶ್ನೆ ಬೇರೆ. ಅವರನ್ನು ಯಾರೂ ಕಡೆಗಣಿಸಿದ್ದಲ್ಲ. ಕಣ್ಣು ತೆರೆದು ನೋಡಿಯೇ ಬೇಡವೆಂದರು. ನಾನು ಹೇಳುತ್ತಿರುವುದು ನೋಡಬೇಕಾದವರು ನೋಡದೇ ಹೋದವರ ಬಗ್ಗೆ.

ಈ ಪಟ್ಟಿಯ ತಲೆಯಲ್ಲಿ ಕಪ್ಪು ಜನಾಂಗದ ಆಟಗಾರರಿದ್ದಾರೆ. ಅಮೆರಿಕದ ಅತ್ಯುನ್ನತ ದರ್ಜೆಯ ಮೇಜರ್ ಲೀಗ್‌ಗಳು 1947ರವರೆಗೆ ಅವರಿಗೆ ಮೈದಾನದ ಬಾಗಿಲನ್ನೇ ಮುಚ್ಚಿದ್ದವು. ಅವರು ತಮ್ಮದೇ ನೀಗ್ರೊ ಲೀಗ್‌ಗಳಲ್ಲಿ ಆಡಿದರು. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿರಬೇಕೆಂಬುದು ಹಾಲ್ ಆಫ್ ಫೇಮ್‌ನ ನಿಯಮ! ಆಡಲು ಬಿಡದವರೇ ಆಡಿಲ್ಲವೆಂದು ದೂರಿದ ಹಾಗಾಯಿತು. 1966ರಲ್ಲಿ ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್ ತಮ್ಮ ಸನ್ಮಾನದ ವೇದಿಕೆಯ ಮೇಲೇ ನೀಗ್ರೊ ಲೀಗ್‌ಗಳ ತಾರೆಗಳಾದ ಸ್ಯಾಚೆಲ್ ಪೇಜ್ ಮತ್ತು ಜಾಶ್ ಗಿಬ್ಸನ್ ಹೆಸರೆತ್ತಿ, ಅವರೂ ಇಲ್ಲಿ ಇರಬೇಕು ಎಂದರು. ಆ ಮಾತಾಡಬೇಕಾದ ಅಗತ್ಯ ಅವರಿಗಿರಲಿಲ್ಲ. 1971ರಲ್ಲಿ ಪೇಜ್ ಅವರಿಗೆ ಸ್ಥಾನ ಕೊಟ್ಟಾಗಲೂ ಮೊದಲು ಯೋಚಿಸಿದ್ದು ಬೇರೊಂದು ವಿಭಾಗವನ್ನು. ಜನ ರೇಗಿದ ಮೇಲೆ ಎಲ್ಲರ ಸಾಲಿಗೇ ಸೇರಿಸಿದರು.

ಬಕ್ ಓನೀಲ್ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ನ ಫಸ್ಟ್ ಬೇಸ್‌ಮನ್, ಆಮೇಲೆ ಅದೇ ತಂಡದ ಮ್ಯಾನೇಜರ್. 1962ರಲ್ಲಿ ಮೇಜರ್ ಲೀಗ್‌ನ ಮೊದಲ ಕಪ್ಪು ಕೋಚ್. ನೀಗ್ರೊ ಲೀಗ್‌ಗಳ ನೆನಪು ಮಣ್ಣುಪಾಲಾಗದಂತೆ ಕಾನ್ಸಾಸ್ ಸಿಟಿಯಲ್ಲಿ ವಸ್ತುಸಂಗ್ರಹಾಲಯ ಎದ್ದುನಿಂತದ್ದರ ಹಿಂದೆ ಇದ್ದವರು. 2006ರಲ್ಲಿ ವಿಶೇಷ ಸಮಿತಿಯೊಂದು ಆ ಲೀಗ್‌ಗಳಿಗೂ ಅದಕ್ಕೂ ಹಿಂದಿನ ಕಾಲಕ್ಕೂ ಸೇರಿದ 17 ಮಂದಿಯನ್ನು ಒಮ್ಮೆಗೇ ಆರಿಸಿತು. ಹದಿನೇಳೂ ಮಂದಿ ತೀರಿಹೋದವರು. ಬದುಕಿದ್ದ, 94 ವರ್ಷದ ಓನೀಲ್ ಅವರನ್ನು ಬಿಟ್ಟಿತು. ಆ ಜುಲೈನಲ್ಲಿ ಸಮಾರಂಭ ನಡೆದಾಗ ಹದಿನೇಳು ಮಂದಿಯ ಪರವಾಗಿ ಮಾತಾಡಲು ಯಾರಾದರೂ ಬೇಕಲ್ಲ, ಓನೀಲ್ ಅವರನ್ನೇ ಕರೆದರು. ಅವರು ಹೋದರು. ಒಂದು ಕಹಿ ಮಾತಾಡಲಿಲ್ಲ. ನೆರೆದ ಜನರೆಲ್ಲ ಕೈಕೈ ಹಿಡಿದು ಹಾಡುವಂತೆ ಮಾಡಿ ವೇದಿಕೆ ಇಳಿದರು. ಅಕ್ಟೋಬರ್‌ನಲ್ಲಿ ತೀರಿಕೊಂಡರು. 2008ರಲ್ಲಿ ಅದೇ ಹಾಲ್ ಆಫ್ ಫೇಮ್ ಅವರ ಪ್ರತಿಮೆ ನಿಲ್ಲಿಸಿತು, ಅವರ ಹೆಸರಿನಲ್ಲಿ ಪ್ರಶಸ್ತಿ ಹುಟ್ಟುಹಾಕಿತು. ಫಲಕ ಮಾತ್ರ ಇಲ್ಲ. ಅದು ಬಂದದ್ದು 2022ರಲ್ಲಿ. ಆ ದೊಡ್ಡ ಮನಸ್ಸಿನ ಮನುಷ್ಯ ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಲಿಲ್ಲವೆಂದು ಎಲ್ಲರೂ ಹೊಗಳುತ್ತಾರೆ. ನನಗಂತೂ ಅವರ ಪರವಾಗಿ ಇನ್ನೂ ಸಿಟ್ಟಿದೆ.

ನಿಮ್ಮ ಪತ್ರಕ್ಕೆ ಕಾರಣವಾದ ಡಿಕ್ ಅಲೆನ್ ಅವರ ವಿಷಯಕ್ಕೆ ಬರುತ್ತೇನೆ. 351 ಹೋಮ್ ರನ್, 1964ರಲ್ಲಿ ವರ್ಷದ ಹೊಸಬ, 1972ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ. ಫಿಲಡೆಲ್ಫಿಯಾದಲ್ಲಿ ಸ್ವಂತ ತಂಡದ ಪ್ರೇಕ್ಷಕರೇ ಏನೇನೋ ಎಸೆಯುತ್ತಿದ್ದರೆಂದು ಫೀಲ್ಡಿಂಗ್ ಮಾಡುವಾಗಲೂ ಹೆಲ್ಮೆಟ್ ತೊಡುತ್ತಿದ್ದರು. ಅಂಥವನನ್ನು ಅಂದಿನ ಪತ್ರಿಕೆಗಳು ತಂಟೆಕೋರನೆಂದು ಬರೆದವು. ಮುಂದೆ ಮತ ಹಾಕಿದ್ದು ಅದೇ ಪತ್ರಿಕೆಗಳ ಮಂದಿ. 2014ರಲ್ಲಿ 16 ಜನರ ಸಮಿತಿ ಸೇರಿತು. ಬೇಕಾದದ್ದು 12 ಮತ, ಸಿಕ್ಕಿದ್ದು 11. 2020ರ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ಮುಂದಿನ ಮತದಾನ ಕೋವಿಡ್ ಕಾರಣಕ್ಕೆ ಒಂದು ವರ್ಷ ಮುಂದಕ್ಕೆ ಹೋಯಿತು. ಆ ಡಿಸೆಂಬರ್ 7ರಂದು ಅಲೆನ್ ತೀರಿಕೊಂಡರು. ವರ್ಷ ಕಳೆದು ಮತ ಎಣಿಸಿದಾಗ ಮತ್ತೆ 11. 2024ರಲ್ಲಿ 13 ಮತ ಬಿದ್ದು ಆಯ್ಕೆಯಾದರು. ಇವರ ಜೊತೆಗೇ ಆಯ್ಕೆಯಾದ ಡೇವ್ ಪಾರ್ಕರ್ ಸುದ್ದಿ ಕೇಳುವಷ್ಟು ದಿನ ಬದುಕಿದ್ದರು, ಸಮಾರಂಭಕ್ಕೆ ಒಂದು ತಿಂಗಳಿರುವಾಗ ಹೋದರು. ಮಧುಮೇಹವನ್ನು ಬಚ್ಚಿಟ್ಟುಕೊಂಡು ಶಿಕಾಗೊ ಕಬ್ಸ್ ತಂಡಕ್ಕೆ ಆಡಿ, ಕೊನೆಗೆ ಅದೇ ಕಾಯಿಲೆಗೆ ಎರಡೂ ಕಾಲು ಕಳೆದುಕೊಂಡ ರಾನ್ ಸ್ಯಾಂಟೊ ತೀರಿಕೊಂಡದ್ದು 2010ರ ಡಿಸೆಂಬರ್‌ನಲ್ಲಿ, ಆಯ್ಕೆಯಾದದ್ದು 2011ರ ಡಿಸೆಂಬರ್‌ನಲ್ಲಿ. ಆಟಗಾರರ ಸಂಘ ಕಟ್ಟಿದ ಮಾರ್ವಿನ್ ಮಿಲ್ಲರ್ ಅವರಂತೂ ಬೇಸತ್ತು, ಇನ್ನು ನನ್ನ ಹೆಸರನ್ನು ಪರಿಗಣಿಸಬೇಡಿ ಎಂದು ಬರೆದುಕೊಟ್ಟಿದ್ದರು. ಅವರು ತೀರಿಹೋಗಿ ಏಳು ವರ್ಷವಾದ ಮೇಲೆ ಆರಿಸಿದರು.

ಸತ್ತವರಿಗೆ ಫಲಕದಿಂದ ಪ್ರಯೋಜನವೇನು ಎಂದು ಕೇಳಿದ್ದೀರಿ. ಸತ್ತವರಿಗೆ ಏನೂ ಇಲ್ಲ, ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ಅದರಿಂದ ನೀವು ಕಟ್ಟುವ ತೀರ್ಮಾನ ತಲೆಕೆಳಗಾದದ್ದು. ತಡವಾಯಿತು, ಆದ್ದರಿಂದ ಬೇಡ ಎನ್ನುತ್ತೀರಿ. ತಡ ಮಾಡಿದವರನ್ನು ಬಿಟ್ಟು ತಡವಾದವರಿಗೆ ಶಿಕ್ಷೆಯೆ? 2024ರಲ್ಲಿ ನೀಗ್ರೊ ಲೀಗ್‌ಗಳ ಅಂಕಿ ಅಂಶಗಳನ್ನು ಮೇಜರ್ ಲೀಗ್ ದಾಖಲೆಗೆ ಸೇರಿಸಿದಾಗ ಜಾಶ್ ಗಿಬ್ಸನ್ ಅವರ .372 ಬ್ಯಾಟಿಂಗ್ ಸರಾಸರಿ ಅಲ್ಲಿಯವರೆಗೆ ಮೊದಲಿಗರಾಗಿದ್ದ ಟೈ ಕಾಬ್ ಅವರದನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. ಗಿಬ್ಸನ್ 1947ರಲ್ಲಿ, 35ನೇ ವಯಸ್ಸಿನಲ್ಲಿ ಸತ್ತವರು. ಅವರಿಗೆ ಇದರಿಂದ ಏನೂ ಸಿಗಲಿಲ್ಲ. ನಿಮ್ಮ ಮಗನಿಗೆ ಸಿಕ್ಕಿದೆ. ನಾಳೆ ಶಾಲೆಯಲ್ಲಿ ಯಾರಾದರೂ ಬ್ಯಾಟಿಂಗ್‌ನಲ್ಲಿ ಎಲ್ಲರಿಗಿಂತ ಮೇಲೆ ಯಾರು ಎಂದರೆ ಅವನು ಸರಿಯಾದ ಹೆಸರು ಹೇಳುತ್ತಾನೆ.

ನಮ್ಮ ಕಡೆ ಇದು ಚೆನ್ನಾಗಿದೆಯೆಂದು ಬೀಗುವಂತಿಲ್ಲ. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ದಲಿತನೆಂಬ ಕಾರಣಕ್ಕೆ ಪುಣೆಯಲ್ಲಿ ತಂಡದವರೇ ಅವರಿಗೆ ಹೊರಗೆ, ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ. ಧಾರವಾಡದಲ್ಲೇ ಎಷ್ಟು ಮಂದಿಗೆ ಈ ಹೆಸರು ಗೊತ್ತಿದೆ, ಕೇಳಿ ನೋಡಿ. ಪ್ರಶಸ್ತಿಗೆ ಅರ್ಜಿ ಹಾಕಿ, ಸ್ವವಿವರ ಲಗತ್ತಿಸಿ, ಶಿಫಾರಸು ಪತ್ರ ತನ್ನಿ ಎಂದು ಎಂಬತ್ತು ದಾಟಿದ ಕಲಾವಿದರಿಗೆ ಹೇಳುವವರು ನಮ್ಮಲ್ಲೂ ಇದ್ದಾರೆ. ಅಂಥ ಅರ್ಜಿ ಹಿಡಿದು ನಮ್ಮ ಕಚೇರಿಯ ಮೆಟ್ಟಿಲೇರಿ, ‘ನಾಲ್ಕು ಸಾಲು ಬರೆದುಕೊಡಿ ಸ್ವಾಮಿ’ ಎಂದು ಸಂಕೋಚದಿಂದ ನಿಂತವರನ್ನು ಕಂಡಿದ್ದೇನೆ. ಅವರು ಹೋದ ಮರುದಿನ ಶ್ರದ್ಧಾಂಜಲಿ ಬರೆಯಲು ಮಾತ್ರ ಎಲ್ಲರೂ ಪೆನ್ನು ಹಿಡಿದು ಕುಳಿತಿರುತ್ತಾರೆ. ಪತ್ರಿಕೆಯವರಾದ ನಾವು ಆ ಸಾಲಿನಲ್ಲಿ ಮೊದಲಿಗರು.

ಕೂಪರ್ಸ್‌ಟೌನ್‌ನ ಪಾವಿತ್ರ್ಯದ ಬಗ್ಗೆ ನಿಮ್ಮ ಪತ್ರದುದ್ದಕ್ಕೂ ಭಕ್ತಿಯಿದೆ. ಆ ಸಂಸ್ಥೆ ಅದೇ ಊರಿನಲ್ಲಿ ಇರುವುದಕ್ಕೆ ಕಾರಣ, 1839ರಲ್ಲಿ ಆ್ಯಬ್ನರ್ ಡಬಲ್‌ಡೇ ಎಂಬವರು ಅಲ್ಲಿ ಬೇಸ್‌ಬಾಲ್ ಕಂಡುಹಿಡಿದರೆಂಬ ಕಥೆ. ಅದು ಶುದ್ಧ ಕಟ್ಟುಕಥೆಯೆಂದು ಇತಿಹಾಸಕಾರರು ಎಂದೋ ತೋರಿಸಿಕೊಟ್ಟಿದ್ದಾರೆ. ಹುಟ್ಟದ ಊರಿಗೆ ಹುಟ್ಟೂರಿನ ಪಟ್ಟ ಕೊಟ್ಟವರು ಆಡಿದವನಿಗೆ ಆಟಗಾರನ ಪಟ್ಟ ಕೊಡಲು ಇಷ್ಟು ಲೆಕ್ಕ ಹಾಕಬೇಕಿಲ್ಲ.

ಕರ್ಟ್ ಫ್ಲಡ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. 1969ರಲ್ಲಿ ತಂಡದ ಮಾಲೀಕರು ತನ್ನನ್ನು ಬೇರೆ ಆಟಗಾರರ ಬದಲಿಗೆ ಫಿಲಡೆಲ್ಫಿಯಾಕ್ಕೆ ಕೊಟ್ಟಾಗ, ಕೊಂಡು ಮಾರುವ ಸ್ವತ್ತು ನಾನಲ್ಲ ಎಂದು ಲೀಗ್‌ನ ಮುಖ್ಯಸ್ಥರಾದ ಕಮಿಷನರ್‌ಗೆ ಪತ್ರ ಬರೆದು, ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1972ರಲ್ಲಿ 5–3ರಿಂದ ಸೋತು, ಆಟದ ಬದುಕನ್ನೇ ಕಳೆದುಕೊಂಡ ಮನುಷ್ಯ. ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಏಳು ಸಲ ಗೆದ್ದವರು. ಇಂದು ಕೋಟಿಗಟ್ಟಲೆ ಡಾಲರ್ ಎಣಿಸುವ ಆಟಗಾರರ ಸ್ವಾತಂತ್ರ್ಯ ಅವರ ಸೋಲಿನಿಂದಲೇ ಶುರುವಾಯಿತು. ಗೋಡೆಯ ಮೇಲೆ ಅವರಿಲ್ಲ. 2025ರಲ್ಲಿ ಬಂದ ಹೊಸ ನಿಯಮದ ಪ್ರಕಾರ ಸಮಿತಿಯಲ್ಲಿ ಐದು ಮತವೂ ಸಿಗದವರ ಹೆಸರು ಮುಂದಿನ ಸುತ್ತಿಗೆ ಬರುವಂತಿಲ್ಲ, ಎರಡು ಸಲ ಹಾಗಾದರೆ ಶಾಶ್ವತವಾಗಿ ಇಲ್ಲ. ನಿಮಗೆ ಈ ನಿಯಮ ಹಿಡಿಸಬಹುದು.

ಕೂಬಾದ ಪಿಚರ್ ಲೂಯಿಸ್ ಟಿಯಾಂಟ್ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಅವರ ಹೆಸರಿದ್ದ ಪಟ್ಟಿ ಮತಕ್ಕೆ ಬಂದದ್ದು ಡಿಸೆಂಬರ್‌ನಲ್ಲಿ. ಅದೇ ಪಟ್ಟಿಯಲ್ಲಿ 288 ಪಂದ್ಯ ಗೆದ್ದ ಟಾಮಿ ಜಾನ್ ಕೂಡ ಇದ್ದರು. 1974ರಲ್ಲಿ ಅವರ ಮೊಣಕೈಗೆ ಮಾಡಿದ ಶಸ್ತ್ರಚಿಕಿತ್ಸೆಯನ್ನು ಇಂದು ಪ್ರಪಂಚದ ಎಲ್ಲ ಪಿಚರ್‌ಗಳೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಸಾಕಷ್ಟು ಮತ ಬೀಳಲಿಲ್ಲ. ಆ ಕಾಲದವರನ್ನು ಸಮಿತಿ ಮತ್ತೆ ನೋಡುವುದು 2027ರ ಡಿಸೆಂಬರ್‌ನಲ್ಲಿ. ಜಾನ್ ಹುಟ್ಟಿದ್ದು 1943ರಲ್ಲಿ. – ಸಂ.